ಕೋಟೆಯ ಬೀಗರು

ಕನ್ನಡದಲ್ಲಿ ಅತ್ಯಂತ ಅಪಾಯಕಾರಿ ಪದ ಯಾವುದು ಎಂದು ಯಾರಾದರೂ ಕೇಳಿದರೆ ಬೈಗುಳಗಳ ಕಡೆ ನೋಡಬೇಡಿ. ಬೈಗುಳದ ಅರ್ಥ ಬೈದವನಿಗೂ ಗೊತ್ತು, ಬೈಸಿಕೊಂಡವನಿಗೂ ಗೊತ್ತು. ನಿಜವಾದ ಅಪಾಯ ಇರುವುದು ‘ನಮ್ಮ’ ಎಂಬ ಪದದಲ್ಲಿ. ಪಕ್ಕದ ಮನೆಯಾಕೆ ‘ನಮ್ಮ ಯಜಮಾನರು’ ಎಂದರೆ ಆ ಯಜಮಾನರು ಆಕೆಯೊಬ್ಬಳಿಗೇ ಸೇರಿದವರು. ಪುರಸಭೆಯವರು ‘ನಮ್ಮ ಚರಂಡಿ’ ಎಂದರೆ ಅದರ ವಾಸನೆ ಊರಿಗೆಲ್ಲ ಸೇರಿದ್ದು. ಈ ವ್ಯತ್ಯಾಸ ತಿಳಿಯದೆ ಬಾಯಿಬಿಟ್ಟು ಪೇಚಿಗೆ ಸಿಕ್ಕವರು ಹಲವರಿದ್ದಾರೆ. ಆದರೆ ಒಂದು ಇಡೀ ಬೆಟ್ಟವನ್ನೇ ಮೈಮೇಲೆ ಎಳೆದುಕೊಂಡವನು ನಮ್ಮ ಬೀದಿಯ ಬೀಗದಣ್ಣ ಒಬ್ಬನೇ.

ಬೀಗದಣ್ಣನಿಗೆ ಬೀಗ ರಿಪೇರಿಯೇ ಕಸುಬು. ಬಸ್ ನಿಲ್ದಾಣದ ಎದುರಿನ ಕಟ್ಟಡದ ಮೆಟ್ಟಿಲ ಕೆಳಗೆ ಅವನ ಅಂಗಡಿ. ಒಳಗೆ ಹೋಗುವಾಗ ಬಗ್ಗಬೇಕು, ಹೊರಗೆ ಬರುವಾಗ ಬಗ್ಗುವುದನ್ನು ಮರೆತು ತಲೆ ಹೊಡೆಸಿಕೊಳ್ಳಬೇಕು. ಊರಿನ ಬೀಗಗಳೆಲ್ಲ ಅವನ ಮಾತು ಕೇಳುತ್ತಿದ್ದವು. ಅವನ ಬಾಯಿ ಮಾತ್ರ ಕೇಳುತ್ತಿರಲಿಲ್ಲ. ಇಂಥವನಿಗೆ ಮಗಳ ಮದುವೆ ಮಾತುಕತೆ ಬಂದು, ಬೀಗದಣ್ಣ ತಾನೇ ಬೀಗನಾಗುವ ಕಾಲ ಕೂಡಿಬಂತು.

ಮಗಳು ಶಾಲೆಯಲ್ಲಿ ಟೀಚರು. ಹದ್ದಿನಂಥ ಕಣ್ಣು; ಹಿಂದಿನ ಬೆಂಚಿನಲ್ಲಿ ಯಾರು ಏನು ಅಗಿಯುತ್ತಿದ್ದಾರೆ ಎಂಬುದನ್ನು ಬಾಗಿಲಲ್ಲೇ ನಿಂತು ಹೇಳುವಳು. ಅಂಥ ಹುಡುಗಿ ಇದ್ದಕ್ಕಿದ್ದಂತೆ ಪೇಟೆಬೀದಿಯ ಕನ್ನಡಕದ ಅಂಗಡಿಗೆ ಕಣ್ಣು ಪರೀಕ್ಷೆಗೆಂದು ಹೋಗತೊಡಗಿದಳು. ಒಂದು ಸಲ ಹೋದಳು, ಮತ್ತೆ ಹೋದಳು, ಮಗದೊಮ್ಮೆ ಹೋದಳು. ಪರೀಕ್ಷೆ ಮಾಡುತ್ತಿದ್ದವನು ಅಂಗಡಿಯ ಯಜಮಾನರ ಮಗ. ಅವನಿಗೂ ಅವಳ ಕಣ್ಣಿನಲ್ಲಿ ದೋಷ ಸಿಗಲೊಲ್ಲದು, ಹುಡುಕುವುದನ್ನು ಬಿಡಲೂ ಒಲ್ಲ. ಕೊನೆಗೆ ಎರಡೂ ಮನೆಯವರಿಗೆ ವಿಷಯ ಗೊತ್ತಾಗಿ, ಕನ್ನಡಕದ ಯಜಮಾನರು ಹೆಂಡತಿ ಮಗನೊಂದಿಗೆ ಬೀಗದಣ್ಣನ ಮನೆಗೆ ಬಂದರು.

ಪಕ್ಕದ ಇಸ್ತ್ರಿ ಅಂಗಡಿಯ ಅಕ್ಕನಿಂದ ಎರವಲು ತಂದ ಕುರ್ಚಿಗಳಲ್ಲಿ ಎಲ್ಲರೂ ಕೂತರು. ಯಜಮಾನರ ಜೇಬಿನಲ್ಲಿ ಎರಡು ಕನ್ನಡಕ. ಹತ್ತಿರದ್ದು ನೋಡಲು ಒಂದು, ದೂರದ್ದು ನೋಡಲು ಒಂದು. ಹತ್ತಿರದ್ದನ್ನು ಹಾಕಿಕೊಂಡು ಬೀಗದಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಶುರುಮಾಡಿದರು.

“ನಮ್ಮದು ನಾಲ್ಕು ತಲೆಮಾರಿನ ಕನ್ನಡಕದ ಮನೆತನ. ನಮ್ಮ ಮುತ್ತಾತ ಅಂಗಡಿ ಇಟ್ಟಮೇಲೇ ಈ ಊರಿನವರಿಗೆ ಊರು ಕಂಡಿದ್ದು. ಅಲ್ಲಿವರೆಗೂ ಅಂದಾಜಿನ ಮೇಲೆ ಓಡಾಡ್ತಿದ್ರು. ನಾಲ್ಕೂ ಜನರ ಫೋಟೋ ನಮ್ಮ ಹಾಲ್‌ನಲ್ಲಿದೆ. ಇರಲಿ. ನಿಮ್ಮ ಮನೆತನದ ಬಗ್ಗೆ ಹೇಳಿ.”

ಬೀಗದಣ್ಣನ ತಂದೆ ಕೊಡೆ ರಿಪೇರಿ ಮಾಡುತ್ತಿದ್ದರು. ತಾತ ಯಾವುದೋ ಸರ್ಕಸ್ಸಿನ ಹಿಂದೆ ಹೋದವರು ವಾಪಸು ಬರಲಿಲ್ಲ. ಅದಕ್ಕೂ ಹಿಂದಿನದು ಕತ್ತಲೆ. ಅಡುಗೆಮನೆಯ ಪರದೆಯ ಸಂದಿಯಲ್ಲಿ ಮಗಳ ಕಣ್ಣು ಕಾಣುತ್ತಿತ್ತು. ಆ ಕಣ್ಣನ್ನು ಎದುರಿಸಲಾರದೆ ಬೀಗದಣ್ಣ ಮುಖ ತಿರುಗಿಸಿ ಕಿಟಕಿಯಾಚೆ ನೋಡಿದ. ಅಲ್ಲಿ ಬೆಟ್ಟ ಇತ್ತು. ಬೆಟ್ಟದ ನೆತ್ತಿಯಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿದ ಹಳೇ ಕೋಟೆ ಇತ್ತು. ಕೂಡಲೇ ಅವನಿಗೆ ಶಾಲೆಯ ಪಾಠವೊಂದು ನೆನಪಾಯಿತು. ಆ ತರಗತಿಯಲ್ಲಿ ಫೇಲಾಗಿ ಮತ್ತೆ ಕೂತಿದ್ದರಿಂದ ಆ ಪಾಠವೊಂದು ಬಾಯಿಪಾಠವಾಗಿತ್ತು.

“ಆ ಕೋಟೆ ಕಾಣ್ತಿದೆಯಲ್ಲ,” ಎಂದ ಬೀಗದಣ್ಣ, “ಅದು ನಮ್ಮ ಪೂರ್ವಜರು ಕಟ್ಟಿದ್ದು.”

ಯಜಮಾನರು ಹತ್ತಿರದ ಕನ್ನಡಕ ತೆಗೆದು ದೂರದ್ದನ್ನು ಹಾಕಿಕೊಂಡರು. ಕಿಟಕಿಯ ಬಳಿ ಹೋಗಿ ನಿಂತರು.

“ಪೂರ್ತಿನಾ?”

“ಪೂರ್ತಿ.”

“ಅಲ್ಲಿ ಬಂಡೆ ಮೇಲೆ ಚಿತ್ರಗಳಿವೆಯಂತಲ್ಲ? ಗೂಳಿ, ಮನುಷ್ಯರು, ಸುತ್ತು ಸುತ್ತು ಬಳೆ ಥರ?”

“ಅವೂ ನಮ್ಮವರೇ. ಬಿಡುವಾಗಿದ್ದಾಗ.”

ಯಜಮಾನರು ತಿರುಗಿ ಬಂದು ಕೂರಲಿಲ್ಲ. ಬೀಗದಣ್ಣ ಕೂತಿರುವಾಗ ನಿಂತೇ ಮಾತಾಡಬೇಕು ಎಂಬ ಭಾವನೆ ಅವರಿಗೆ ಬಂದುಬಿಟ್ಟಿತ್ತು. “ಇಷ್ಟು ದೊಡ್ಡ ಮನೆತನ, ಒಂದು ಮಾತು ಹೇಳಬಾರದಾ! ಭಾನುವಾರ ಎಲ್ಲರೂ ಕೋಟೆಗೆ ಹೋಗೋಣ. ಕಣ್ಣಾರೆ ನೋಡಿದ ಮೇಲೆ ಅಲ್ಲೇ ಮದುವೆ ಮಾತು ಮುಗಿಸೋಣ,” ಎಂದು ಹೇಳಿ, ಹೊಸ್ತಿಲವರೆಗೂ ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಹೋದರು.

ಅವರು ಬೀದಿ ದಾಟಿದ್ದೇ ತಡ, ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಳು. “ರೀ, ನಿಮ್ಮ ತಾತ ಕೋಟೆ ಕಟ್ಟಿದ್ರಾ? ಗೋಡೆಗೊಂದು ಮೊಳೆ ಹೊಡೆಯೋಕೂ ಬರ್ತಿರಲಿಲ್ಲ ಅಂತ ನಿಮ್ಮಮ್ಮನೇ ಹೇಳ್ತಿದ್ರು.”

“ನಾನೆಲ್ಲಿ ನಮ್ಮ ತಾತ ಅಂದೆ? ನಮ್ಮ ಪೂರ್ವಜರು ಅಂದೆ. ಪುಸ್ತಕದಲ್ಲಿ ಹಾಗೇ ಇದೆ ಕಣೇ. ಸುಳ್ಳೇನು ಬಂತು?”

ಮಗಳು ಪರದೆ ಸರಿಸಿ ಬಂದಳು. ನಗಬೇಕೋ ಅಳಬೇಕೋ ತಿಳಿಯದ ಮುಖ. “ಅಪ್ಪಾ, ಅವರು ಒಪ್ಪಿದ್ದು ನನಗೋ ಕೋಟೆಗೋ ಗೊತ್ತಿಲ್ಲ. ಆದ್ರೆ ನಂಗೆ ಅವನೇ ಬೇಕು. ಭಾನುವಾರ ಮಾತು ಮುಗಿಯೋವರೆಗೂ ನೀನು ಬಾಯಿ ಬಿಡಬೇಡ. ಕೈಮುಗೀತೀನಿ, ಕೆಡಿಸಬೇಡ.”

“ಇಲ್ಲ ಮಗಳೇ,” ಎಂದ ಬೀಗದಣ್ಣ. ಮಗಳ ಮೇಲೆ ಅವನಿಗೆ ಪ್ರಾಣ. ಬಾಯಿ ಬಿಡಬಾರದೆಂದು ಅವನು ಮನಸಾರೆ ನಿರ್ಧರಿಸಿದ. ಆದರೆ ಅವನ ಮನೆಗೂ ಇಸ್ತ್ರಿ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ, ಮತ್ತು ಅಕ್ಕ ಆಗಲೇ ಬಾಯಿ ಬಿಟ್ಟಾಗಿತ್ತು.

ಮರುದಿನ ಬೆಳಿಗ್ಗೆ ಅವನು ಹೊರಗೆ ಕಾಲಿಡುತ್ತಲೇ ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಎದ್ದು ನಿಂತಳು. ಇಷ್ಟು ವರ್ಷ ‘ಏನೋ ಬೀಗದಣ್ಣ’ ಎನ್ನುತ್ತಿದ್ದವಳು, “ಏನ್ರೀ ಬೀಗದಣ್ಣನವರೇ, ಇಷ್ಟು ಸುಕ್ಕು ಅಂಗಿ ಹಾಕ್ಕೊಂಡು ಕೋಟೆ ಮರ್ಯಾದೆ ತೆಗೀಬೇಡಿ, ಬಿಚ್ಚಿ ಕೊಡಿ,” ಎಂದು ಬೀದಿಯಲ್ಲೇ ಅಂಗಿ ಬಿಚ್ಚಿಸಿಕೊಂಡು ಇಸ್ತ್ರಿ ಮಾಡಿ ಕೊಟ್ಟಳು. ಎದುರುಮನೆಯವರು ಬಂದು, “ನಿಮ್ಮ ಕೋಟೆಯ ಕೋತಿಗಳು ನಮ್ಮ ಟೆರೇಸಿಂದ ಒಂದು ದಿಂಬು ಹೊತ್ಕೊಂಡು ಹೋಗಿವೆ. ದಯವಿಟ್ಟು ಸ್ವಲ್ಪ ವಿಚಾರಿಸಿ,” ಎಂದರು. ವಿಚಾರಿಸುವುದಾಗಿ ಬೀಗದಣ್ಣ ಮಾತು ಕೊಟ್ಟ. ಕೊಡದೆ ಏನು ಮಾಡಿಯಾನು? ಅಲ್ಲಗಳೆದರೆ ಸುದ್ದಿ ಪೇಟೆಬೀದಿಗೆ ಹೋಗಿ ಮುಟ್ಟುತ್ತಿತ್ತು. ಅದೂ ಅಲ್ಲದೆ, ಸತ್ಯ ಹೇಳಬೇಕೆಂದರೆ, ‘ನಿಮ್ಮ ಕೋಟೆ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನ ಎದೆ ಒಂದಂಗುಲ ಮುಂದೆ ಬರುತ್ತಿತ್ತು. ಬೀಗನಾಗುವ ಮೊದಲೇ ಬೀಗದಣ್ಣ ಬೀಗತೊಡಗಿದ್ದ.

ಬೀಗುವವರನ್ನು ಹುಡುಕಿಕೊಂಡು ಪುರಸಭೆ ಬಂದೇ ಬರುತ್ತದೆ. ಗೋಡೆಗಳ ಮೇಲೆ ಗೀಚುವವರನ್ನು ಹಿಡಿಯುವುದಕ್ಕೆಂದೇ ನೇಮಕವಾದ ಸಾಹೇಬರೊಬ್ಬರು ಅಂಗಡಿಗೆ ಬಂದರು. ದುರದೃಷ್ಟಕ್ಕೆ ಅದೇ ಹೊತ್ತಿಗೆ ಕನ್ನಡಕದ ಯಜಮಾನರ ಹೆಂಡತಿ ಬೀರುವಿನ ಕೀಲಿಯ ನೆಪ ಹೇಳಿ ಭಾವೀ ಬೀಗರನ್ನು ಮಾತಾಡಿಸಲು ಬಂದು, ಸ್ಟೂಲಿನ ಮೇಲೆ ಕೂತಿದ್ದರು.

“ಬೆಟ್ಟದ ಬಂಡೆಗಳ ಮೇಲೆ ಗೀಚಿರೋದು ನಿಮ್ಮ ಮನೆಯವರಂತೆ, ಹೌದೇನ್ರೀ?” ಎಂದರು ಸಾಹೇಬರು.

ಬೀಗದಣ್ಣ ಬೀಗಿತ್ತಿಯಾಗಬೇಕಾದವರ ಮುಖ ನೋಡಿದ. ಅವರು ಹೆಮ್ಮೆಯಿಂದ ಮುಗುಳ್ನಕ್ಕರು.

“ಗೀಚಿದ್ದಲ್ಲ ಸರ್. ಕೆತ್ತಿದ್ದು.”

“ಅದಿನ್ನೂ ಕೆಟ್ಟದ್ದು! ಗೀಚಿದ್ರೆ ಒರೆಸಬಹುದು. ಗೋಡೆ ಬೇರೆ ಕಟ್ಟಿದ್ದೀರಂತೆ ಬೆಟ್ಟದ ಸುತ್ತ. ಪರವಾನಗಿ ತಗೊಂಡಿದ್ರಾ?”

“ಆಗ ಪುರಸಭೆ ಇರಲಿಲ್ಲ ಸರ್.”

“ಇಲ್ಲದಿದ್ರೆ? ಬರೋ ತನಕ ಕಾಯಬೇಕಿತ್ತು.”

“ತುಂಬಾ ಕಾಯಬೇಕಾಗ್ತಿತ್ತು ಸರ್.”

“ಸರ್ಕಾರಿ ಕೆಲಸ ಅಂದ್ಮೇಲೆ ಕಾಯಲೇಬೇಕು ಕಣ್ರೀ. ನಾನು ವರ್ಗಾವಣೆಗೆ ಕಾಯ್ತಿಲ್ವಾ? ಹೋಗಲಿ, ಕೆತ್ತಿದವರನ್ನ ಕರೆಸಿ.”

“ಅವರು ತೀರಿಕೊಂಡ್ರು.”

ಸಾಹೇಬರು ಒಳ್ಳೆಯವರು. ಸಾವಿನ ಸುದ್ದಿ ಕೇಳಿದರೆ ಕರಗುವ ಮನಸ್ಸು. ಧ್ವನಿ ತಗ್ಗಿಸಿ, “ಅಯ್ಯೋ ಪಾಪ. ಯಾವಾಗ?” ಎಂದರು.

“ಸ್ವಲ್ಪ ದಿನ ಆಯ್ತು.”

“ಛೆ. ಮನುಷ್ಯ ಇವತ್ತಿದ್ದು ನಾಳೆ ಇಲ್ಲ. ಆದ್ರೂ ಕಾನೂನು ಅಂತ ಒಂದಿದೆ ನೋಡಿ. ಅವರ ಬದಲು ವಾರಸುದಾರರು ನೀವು. ಭಾನುವಾರ ಸ್ಥಳ ಪರಿಶೀಲನೆಗೆ ಬರ್ತೀನಿ.” ಹೀಗೆಂದು ಸಾಹೇಬರು ಬಗ್ಗುವುದನ್ನು ಮರೆತು ಮೆಟ್ಟಿಲಿಗೆ ತಲೆ ಹೊಡೆಸಿಕೊಂಡು ಹೊರಗೆ ಹೋದರು.

ಭಾನುವಾರ ಬೆಟ್ಟ ಹತ್ತಿದ್ದು ಮದುವೆ ಮಾತಿಗೆ ಹೊರಟವರ ಗುಂಪಲ್ಲ, ಅರ್ಧ ಬೀದಿ. ಮುಂದೆ ಕನ್ನಡಕದ ಯಜಮಾನರು, ಅವರ ಹಿಂದೆ ಅವರ ಹೆಂಡತಿ, ಅವರ ಹಿಂದೆ ಗರಿಗರಿ ಅಂಗಿಯಲ್ಲಿ ಬೀಗದಣ್ಣ ಮತ್ತು ಅವನ ಹೆಂಡತಿ, ನಂತರ ಏದುಸಿರು ಬಿಡುತ್ತ ಪುರಸಭೆ ಸಾಹೇಬರು, ಕೊನೆಗೆ ಅಂಗಡಿಗೆ ರಜೆ ಹಾಕಿದ ಇಸ್ತ್ರಿ ಅಕ್ಕ. ಹುಡುಗ ಹುಡುಗಿ ಎಲ್ಲರಿಗಿಂತ ಹಿಂದೆ ಉಳಿದಿದ್ದರು. ಅವರಿಗೆ ಕೋಟೆ ಎಷ್ಟು ದೂರವಿದ್ದರೂ ಅಭ್ಯಂತರವಿರಲಿಲ್ಲ.

ಮೇಲೆ ಹತ್ತಿ ನೋಡಿದರೆ ಗಾರೆಯಿಲ್ಲ, ಸುಣ್ಣವಿಲ್ಲ. ಆಳೆತ್ತರದ ಕಾಡುಗಲ್ಲುಗಳನ್ನು ಒಂದರ ಮೇಲೊಂದು ಕೂರಿಸಿ ಇಡೀ ನೆತ್ತಿಯನ್ನು ಬಳಸಿ ಕಟ್ಟಿದ ಗೋಡೆ. ಒಂದು ಕಡೆ ಗಾಡಿ ಹೋಗುವಷ್ಟು ಅಗಲದ ಸಂದು.

“ಇದು ಹೆಬ್ಬಾಗಿಲಿರಬೇಕು,” ಎಂದರು ಯಜಮಾನರು. “ಬಾಗಿಲೆಲ್ಲಿ?”

“ರಿಪೇರಿಗೆ ಹೋಗಿದೆ,” ಎಂದ ಬೀಗದಣ್ಣ. ಅಭ್ಯಾಸಬಲ.

ಒಳಗೆ ದೊಡ್ಡ ಹಾಸುಬಂಡೆ. ಅದರ ತುಂಬ ಚಿತ್ರ. ಬೆನ್ನ ಮೇಲಿನ ಇಣಿಯೆತ್ತಿದ ಗೂಳಿಗಳು ಸಾಲಾಗಿ ಓಡುತ್ತಿದ್ದವು. ಒಂದರೊಳಗೊಂದು ವೃತ್ತಗಳು, ಚಿಕ್ಕ ಚಿಕ್ಕ ಬಟ್ಟಲಿನಂಥ ಕುಳಿಗಳು, ಕೈ ಕೈ ಹಿಡಿದು ನಿಂತ ಮನುಷ್ಯರು. ಬೀಗದಣ್ಣನೂ ಇದನ್ನು ನೋಡುತ್ತಿದ್ದದ್ದು ಅದೇ ಮೊದಲು. ಮೈ ಜುಮ್ಮೆಂದಿತು. ಮಗಳಿಗೆ ಕೊಟ್ಟ ಮಾತು ಆ ಜುಮ್ಮಿನಲ್ಲಿ ಎಲ್ಲೋ ಹಾರಿಹೋಯಿತು.

“ಈ ವೃತ್ತ ಏನು?” ಎಂದರು ಯಜಮಾನರು.

“ಬೀಗ. ನಮ್ಮ ಕಸುಬು ಅಂದಿನಿಂದಲೂ ಇದೇ.”

“ಈ ಕುಳಿಗಳು?”

“ಕೀಲಿ ಹಾಕೋ ಕಿಂಡಿ.”

“ಇಷ್ಟೊಂದಾ?”

“ಕಾಲ ಕೆಟ್ಟಿತ್ತು.”

ಬಂಡೆಯ ಆಚೆಯಿಂದ ಒಂದು ಅಗಲವಾದ ಟೋಪಿ ಮೇಲೆದ್ದಿತು. ಟೋಪಿಯ ಕೆಳಗೆ ಒಬ್ಬ ಹೆಂಗಸು, ಅವರ ಕೈಯಲ್ಲಿ ಅಳತೆ ಟೇಪು ಮತ್ತು ಬ್ರಷ್ಷು. ಪುರಾತತ್ವ ಇಲಾಖೆಯ ಮೇಡಂ. ಬೆಟ್ಟದ ಮೇಲೆ ಕೋತಿಗಳನ್ನು ಬಿಟ್ಟರೆ ಬೇರೆ ಮುಖ ಕಾಣದೆ ಬೇಸತ್ತಿದ್ದ ಅವರಿಗೆ ಅರ್ಧ ಬೀದಿಯನ್ನು ಒಟ್ಟಿಗೆ ಕಂಡು ಆನಂದವಾಯಿತು.

“ಬನ್ನಿ ಬನ್ನಿ! ಇದು ಕಬ್ಬಿಣ ಇನ್ನೂ ಗೊತ್ತಿಲ್ಲದ ಕಾಲದ್ದು. ನಾಲ್ಕು ಸಾವಿರ ವರ್ಷದ ಮೇಲಾಗಿರಬಹುದು. ಕಲ್ಲಿಂದ ಕಲ್ಲನ್ನ ಕುಟ್ಟಿ ಕುಟ್ಟಿ ಮಾಡಿರೋದು.”

ಯಜಮಾನರು ಬೀಗದಣ್ಣನ ಕಡೆ ತಿರುಗಿದರು. “ಕಬ್ಬಿಣ ಇಲ್ಲದೆ ಬೀಗ ಹೇಗೆ?”

“ಬೀಗ ಇರಲಿಲ್ಲ,” ಎಂದ ಬೀಗದಣ್ಣ, ಬೆವರು ಒರೆಸಿಕೊಳ್ಳುತ್ತ. “ಅದಕ್ಕೇ ಚಿತ್ರ ಬರೆದಿಟ್ರು. ಕಬ್ಬಿಣ ಬಂದಮೇಲೆ ಮಾಡೋಣ ಅಂತ.”

ಪುರಸಭೆ ಸಾಹೇಬರಿಗೆ ಮಾತ್ರ ನಾಲ್ಕು ಸಾವಿರ ವರ್ಷ ಎಂಬುದು ಕಿವಿಯಲ್ಲಿ ಉಳಿದಿತ್ತು. “ಸ್ವಲ್ಪ ದಿನ ಆಯ್ತು ಅಂದ್ರಲ್ರೀ!” ಎಂದು ಗುಡುಗಿ, ಮೇಡಂ ಕಡೆ ತಿರುಗಿದರು. “ಅದೆಲ್ಲ ಬಿಡಿ. ಇದನ್ನ ಕೆತ್ತಿದವರು ಯಾರು ಅಂತ ಹೇಳಿ ಮೇಡಂ. ಇವತ್ತು ತೀರ್ಮಾನ ಆಗಬೇಕು.”

“ಯಾರು ಅಂದ್ರೆ? ನಮ್ಮ ಪೂರ್ವಜರು,” ಎಂದರು ಮೇಡಂ.

ಬೀಗದಣ್ಣನ ಕಾಲಡಿಯ ಬೆಟ್ಟ ಸರಿಯಿತು. ಅವನ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಹಿಂದೆ ಬರುತ್ತಿದ್ದ ಮಗಳು ಅಲ್ಲೇ ನಿಂತಳು.

“ನಿಮ್ಮ ಪೂರ್ವಜರಾ?” ಎಂದರು ಯಜಮಾನರು. “ಇವರದ್ದು ಅಂದಿದ್ರಲ್ಲ?”

“ಇವರದ್ದೂ ಹೌದು.”

“ಅಂದ್ರೆ ನೀವಿಬ್ಬರೂ ನೆಂಟರಾ?”

ಮೇಡಂಗೆ ನಗು ಬಂತು. “ನೀವೂ ನೆಂಟರೇ ಸ್ವಾಮಿ. ಅಷ್ಟು ಹಿಂದೆ ಹೋದ್ರೆ ಈ ಕಡೆ ಹುಟ್ಟಿದವರೆಲ್ಲ ಒಂದಲ್ಲ ಒಂದು ದಾರೀಲಿ ಇವರ ಮಕ್ಕಳೇ. ನಾನು, ನೀವು, ಈ ಅಮ್ಮ, ಈ ಸಾಹೇಬರು, ಎಲ್ಲರೂ.”

ಪುರಸಭೆ ಸಾಹೇಬರು ತಮ್ಮ ಮೇಲೆ ತಾವೇ ಕ್ರಮ ಕೈಗೊಳ್ಳಬೇಕಾಗುತ್ತದೆ ಎಂಬುದನ್ನು ಬೇಗ ಗ್ರಹಿಸಿದರು. ಪೆನ್ನನ್ನು ಜೇಬಿಗಿಟ್ಟು, “ಕೆತ್ತನೆ ಬಹಳ ಸುಂದರವಾಗಿದೆ,” ಎಂದು ಹೇಳಿ ನೆರಳು ಹುಡುಕಿಕೊಂಡು ಹೋದರು.

ಕನ್ನಡಕದ ಯಜಮಾನರ ಮುಖ ಮೊದಲು ಅರಳಿತು. ನಾಲ್ಕು ತಲೆಮಾರಿನ ಮನೆತನ ಕಣ್ಣೆದುರಿಗೇ ನಾಲ್ಕು ಸಾವಿರ ವರ್ಷಕ್ಕೆ ಬೆಳೆದಿತ್ತು. “ಹಾಗಾದ್ರೆ ಕೋಟೆ ನಮ್ಮದೂ ಹೌದು!” ಎಂದು ಬೀಗದಣ್ಣನ ಭುಜ ಕುಲುಕಿದರು. “ನಾನೂ ನೀವೂ ಒಂದೇ ವಂಶ! ಒಂದೇ ಬಳ್ಳಿ! ನಾವಿಬ್ಬರೂ ಅಣ್ಣತಮ್ಮಂದಿರು!”

“ಅಣ್ಣತಮ್ಮಂದಿರು!” ಎಂದ ಬೀಗದಣ್ಣ. ಕಣ್ಣಲ್ಲಿ ನೀರು ಬಂದಿತ್ತು.

ಯಜಮಾನರ ಕೈ ಅವನ ಭುಜದ ಮೇಲೇ ನಿಂತಿತು. ಅರಳಿದ ಮುಖ ನಿಧಾನವಾಗಿ ಮುದುಡಿತು.

“ನಾವಿಬ್ಬರೂ ಅಣ್ಣತಮ್ಮಂದಿರಾದ್ರೆ,” ಎಂದರು, “ಇವನೂ ಇವಳೂ ಅಣ್ಣತಂಗಿ!”

ಬಂಡೆಯ ಮೇಲೆ ಗೂಳಿಗಳು ಓಡುತ್ತಲೇ ಇದ್ದವು. ಉಳಿದವರೆಲ್ಲ ನಿಂತುಹೋದರು. ಹುಡುಗ ಹಿಡಿದಿದ್ದ ಕೈ ಬಿಟ್ಟ. ಮಗಳು ಮತ್ತೆ ಹಿಡಿದುಕೊಂಡಳು.

“ಈ ಮದುವೆ ಆಗಲ್ಲ,” ಎಂದರು ಯಜಮಾನರು. “ಗೊತ್ತಿಲ್ಲದಿದ್ರೆ ಬೇರೆ ಮಾತು. ಸರ್ಕಾರಿ ಇಲಾಖೆಯವರೇ ಹೇಳಿದ ಮೇಲೆ ಹೇಗೆ ಮಾಡೋದು? ನಾಳೆ ಜನ ಏನಂತಾರೆ?”

“ಅಯ್ಯೋ, ನಾನು ಹಾಗಲ್ಲ ಹೇಳಿದ್ದು,” ಎಂದು ಮೇಡಂ ಬ್ರಷ್ಷು ಆಡಿಸಿದರು. “ನಾಲ್ಕು ಸಾವಿರ ವರ್ಷ ಆಗಿದೆ! ಹಾಗೆ ನೋಡಿದ್ರೆ ಯಾರೂ ಯಾರನ್ನೂ ಮದುವೆ ಆಗೋಹಾಗೇ ಇಲ್ಲ.”

“ಅದೇ ನನ್ನ ಹೆಂಡತಿಯನ್ನ ನೋಡಿ ಯೋಚನೆ ಮಾಡ್ತಿದ್ದೀನಿ,” ಎಂದರು ಯಜಮಾನರು, ನಿಜವಾಗಿಯೂ ಚಿಂತೆಯಿಂದ. ಅವರ ಹೆಂಡತಿ ಛತ್ರಿಯ ತುದಿಯಿಂದ ಅವರ ಪಾದವನ್ನು ಒತ್ತಿ ಆ ಯೋಚನೆಯನ್ನು ನಿಲ್ಲಿಸಿದರು.

ಬೀಗದಣ್ಣ ಸರಿಪಡಿಸಲು ಹೊರಟ. “ಹಾಗಲ್ಲ ಯಜಮಾನ್ರೇ. ನಿಮ್ಮದು ದೊಡ್ಡಪ್ಪನ ಕಡೆ, ನಮ್ಮದು ಚಿಕ್ಕಪ್ಪನ ಕಡೆ ಅಂದ್ಕೊಂಡ್ರೆ—”

“ದಾಯಾದಿಗಳು! ಇನ್ನೂ ಕೆಟ್ಟುಹೋಯ್ತು!”

“ಹಾಗಾದ್ರೆ ನಿಮ್ಮ ತಾಯಿ ನಮ್ಮ ತಾಯಿ ಅಕ್ಕತಂಗೀರು—”

“ಅದೂ ಅಣ್ಣತಂಗೀನೇ ಆಯ್ತಲ್ರೀ!”

“ಅಪ್ಪಾ, ಸಾಕು!” ಎಂದಳು ಮಗಳು. ಈ ಸಲ ಅವಳ ಕಣ್ಣಿಂದ ನೀರು ಇಳಿದೇಬಿಟ್ಟಿತು. ಬೀಗದಣ್ಣನಿಗೆ ತನ್ನ ನಾಲಿಗೆಯನ್ನೇ ಕಿತ್ತು ಬಂಡೆಯ ಮೇಲಿಡಬೇಕು ಎನ್ನಿಸಿತು. ಸಾವಿರ ಬೀಗ ತೆಗೆದ ಮನುಷ್ಯ, ತನ್ನ ಮಗಳ ದಾರಿಗೆ ತಾನೇ ಬೀಗ ಜಡಿದು ಕೀಲಿ ಕಳೆದುಕೊಂಡಿದ್ದ.

ಆಗ ಅವನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂಡೆಯ ಮೇಲೆ ಹತ್ತಿದಳು. ಕೈ ಕೈ ಹಿಡಿದು ನಿಂತ ಎರಡು ಆಕೃತಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಶಾಲೆಯಲ್ಲಿ ಬೋರ್ಡು ತೋರಿಸುವಂತೆ ಬೆರಳಿಟ್ಟು ತೋರಿಸಿದಳು.

“ಇಲ್ಲಿ ನೋಡಿ. ಇವನು ಅಣ್ಣ. ಇವಳು ತಂಗಿ. ನಾವು ಅಣ್ಣನ ಕಡೆಯವರು. ನೀವು ತಂಗಿ ಕಡೆಯವರು. ಅಂದ್ಮೇಲೆ ನಿಮ್ಮ ಮಗ ನಮ್ಮ ಹುಡುಗಿಗೆ ಏನಾದ?”

ಯಜಮಾನರ ತುಟಿ ಲೆಕ್ಕ ಹಾಕಿತು. “ಅಣ್ಣನ ಮಗಳು… ತಂಗಿಯ ಮಗ… ಅತ್ತೆ ಮಗ!”

“ಅತ್ತೆ ಮಗ! ವರಸೆಯಲ್ಲಿ ಇದಕ್ಕಿಂತ ಒಳ್ಳೆ ಗಂಡು ಎಲ್ಲಿದೆ?”

“ಕ್ಷಮಿಸಿ,” ಎಂದರು ಮೇಡಂ, “ಆ ಆಕೃತಿ ಹೆಣ್ಣು ಅಂತ ಹೇಳೋಕೆ ಯಾವ ಆಧಾರವೂ—”

“ಹೆಣ್ಣಲ್ಲದೆ ಮತ್ತೇನಮ್ಮ?” ಎಂದಳು ಬೀಗದಣ್ಣನ ಹೆಂಡತಿ. “ಒಂದು ಕೈಯಲ್ಲಿ ಅಣ್ಣನ್ನ ಹಿಡಿದಿದ್ದಾಳೆ, ಇನ್ನೊಂದು ಕೈ ಸೊಂಟದ ಮೇಲೆ. ಬೈತಿದ್ದಾಳೆ. ಬೈಸಿಕೊಳ್ಳೋನು ಗಂಡಸು.”

ಯಜಮಾನರು ಹತ್ತಿರದ ಕನ್ನಡಕ ಹಾಕಿಕೊಂಡು ಬಂಡೆಗೆ ಮೂಗು ತಾಗಿಸಿದರು. ಆ ಆಕೃತಿಯ ಮುಖದ ಜಾಗದಲ್ಲಿ ಎರಡು ಪುಟ್ಟ ಕುಳಿಗಳು ಪಕ್ಕಪಕ್ಕದಲ್ಲಿದ್ದವು.

“ಕನ್ನಡಕ!” ಎಂದರು. “ನೋಡೇ, ನೋಡೋ, ಎಲ್ಲರೂ ನೋಡಿ! ಕನ್ನಡಕ ಹಾಕಿದ್ದಾಳೆ! ನಮ್ಮಜ್ಜಿ!”

ಮೇಡಂ ಬಾಯಿ ತೆರೆದರು. ಇಸ್ತ್ರಿ ಅಕ್ಕ ಅವರ ಕೈಹಿಡಿದು ಮೆಲ್ಲಗೆ, “ಬಿಡಿ ಮೇಡಂ, ಮಗು ಮದುವೆ,” ಎಂದಳು. ಮೇಡಂ ಆ ಹುಡುಗಿಯ ಒದ್ದೆ ಮುಖ ನೋಡಿದರು, ಬಂಡೆ ನೋಡಿದರು, ಬಾಯಿ ಮುಚ್ಚಿದರು. ವಿಜ್ಞಾನಕ್ಕೆ ಅವರು ಸಲ್ಲಿಸಿದ ಸೇವೆಯನ್ನು ಮರೆತರೂ ಈ ಮೌನವನ್ನು ನಮ್ಮ ಬೀದಿ ಮರೆಯುವುದಿಲ್ಲ.

ಯಜಮಾನರು ಎದ್ದು ಎರಡೂ ಕೈ ಚಾಚಿದರು. “ಭಾವಾ!”

“ಭಾವಾ!” ಎಂದ ಬೀಗದಣ್ಣ. ಇಬ್ಬರೂ ತಬ್ಬಿಕೊಂಡರು. ಹುಡುಗ ಹುಡುಗಿಯ ಮುಖ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಅದು ಅವರಿಗೂ ಅನುಕೂಲವೇ ಆಯಿತು. ಬರುವ ತಿಂಗಳೇ ಮದುವೆ ಎಂದು ಯಜಮಾನರು ಅಲ್ಲೇ ಸಾರಿದರು. ಬೀಗದಣ್ಣ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಇಸ್ತ್ರಿ ಕೆಟ್ಟಿತು, ಅಕ್ಕ ಬೈಯಲಿಲ್ಲ.

ಬೀಗತನ ಕುದುರಿದ್ದು ಖಚಿತವಾದದ್ದು ಮಾತ್ರ ಅದರ ಮುಂದಿನ ಗಳಿಗೆಯಲ್ಲಿ. ಅಪ್ಪುಗೆ ಬಿಡಿಸಿಕೊಂಡ ಯಜಮಾನರು ದೂರದ ಕನ್ನಡಕ ಏರಿಸಿ, ಕೋಟೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಹುಬ್ಬು ಗಂಟಿಕ್ಕಿತು.

“ಅಲ್ಲ ಭಾವ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು ನಮ್ಮಜ್ಜಿಯ ತವರುಮನೆ ಆಯ್ತಲ್ಲ? ಇಷ್ಟು ದೊಡ್ಡ ಕೋಟೆ ಅಣ್ಣ ಒಬ್ಬನೇ ಇಟ್ಕೊಂಡ. ಮದುವೆ ಮಾಡಿಕೊಟ್ಟ ಹೆಣ್ಣುಮಗಳಿಗೆ ಏನು ಕೊಟ್ರಿ? ಒಂದು ಕಲ್ಲಾದ್ರೂ ಕೊಟ್ರಾ?”

“ಕೊಡಬೇಕಿತ್ತು,” ಎಂದ ಬೀಗದಣ್ಣ, ಮನಃಪೂರ್ವಕವಾಗಿ. “ನಮ್ಮವರದ್ದು ತಪ್ಪಾಯ್ತು ಭಾವ. ಆ ಪಡುವಣ ಗೋಡೆ ಪೂರ್ತಿ ನೀವಿಟ್ಕೊಳ್ಳಿ. ಗೂಳಿಗಳಲ್ಲೂ ಅರ್ಧ.”

“ಗೋಡೆ ಇರಲಿ, ಹೆಬ್ಬಾಗಿಲ ಕಡೆ ಬೇಕು.”

“ಹೆಬ್ಬಾಗಿಲು ಗಂಡುಮಕ್ಕಳದ್ದು! ಎಲ್ಲಾದ್ರೂ ಉಂಟಾ?”

“ನಮ್ಮಜ್ಜಿ ಕಣ್ಣೀರು ಹಾಕ್ಕೊಂಡು ಹೋಗಿರೋದು ಅದೇ ಬಾಗಿಲಿಂದ!”

ಪುರಾತತ್ವದ ಮೇಡಂ ಟೋಪಿ ಕಿತ್ತೆಸೆದು ಇಬ್ಬರ ನಡುವೆ ಓಡಿಬಂದರು. “ಏನ್ರೀ ಮಾಡ್ತಿದ್ದೀರಾ! ಇದು ಸರ್ಕಾರದ ಸಂರಕ್ಷಿತ ಸ್ಮಾರಕ! ಯಾರೂ ಒಂದು ಕಲ್ಲು ಮುಟ್ಟೋಹಾಗಿಲ್ಲ!”

ಬೀಗರಿಬ್ಬರೂ ಒಟ್ಟಿಗೆ ತಿರುಗಿ, ಒಂದೇ ದನಿಯಲ್ಲಿ, “ನೀವು ಸುಮ್ನಿರಿ ಮೇಡಂ, ಇದು ಮನೆ ಜಗಳ,” ಎಂದರು.